ಅನ್ನ ಚೆಲ್ಲಬೇಡಿ, ಭೂಮಿಯ ಬಿಸಿ ಏರಿಸಬೇಡಿ

ರಾತ್ರಿ ಊಟ ಮುಗಿದಾಗ ಕುಕ್ಕರ್ ತಳದಲ್ಲಿ ಎರಡು ಹಿಡಿ ಅನ್ನ ಉಳಿದಿರುತ್ತದೆ. ಬೆಳಿಗ್ಗೆ ಅದು ಕಸದ ಬುಟ್ಟಿ ಸೇರುತ್ತದೆ. ಆ ಅನ್ನದ ಹಿಂದೆ ದೊಡ್ಡ ಲೆಕ್ಕವೇ ಇದೆ. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿಯಾಡದು. ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ಯೂರಿಯಾ ಬಿದ್ದ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ಪಂಪ್‌ಸೆಟ್, ಅಕ್ಕಿ ಗಿರಣಿ, ಲಾರಿ, ಒಲೆ ಎಲ್ಲಕ್ಕೂ ಇಂಧನ ಬೇಕು. ಎಸೆದ ಅನ್ನ ಕಸದ ಗುಡ್ಡೆಯಡಿ ಕೊಳೆತು ಮತ್ತೆ ಮೀಥೇನ್ ಬಿಡುತ್ತದೆ. 20 ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಏರಿಸುತ್ತದೆ.

ಮನುಷ್ಯರಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೇ ಒಂದು ಪಾಲು ಆಹಾರದ್ದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ಶೇ 60ರಷ್ಟು ಮನೆಗಳಲ್ಲೇ. ಭಾರತದ ಮನೆಗಳಲ್ಲಿ ಸಿಪ್ಪೆ, ಬೀಜ ಸೇರಿ ವರ್ಷಕ್ಕೆ ತಲಾ ಸುಮಾರು 55 ಕೆ.ಜಿ. ಹಾಗಾಗಿ ಕೆಲಸ ನಮ್ಮ ಅಡುಗೆಮನೆಯಿಂದಲೇ ಶುರುವಾಗಬೇಕು.

1. ಒಂದು ವಾರ ಲೆಕ್ಕ ಬರೆಯಿರಿ
ಏನನ್ನು ಎಸೆದಿರಿ, ಏಕೆ ಎಸೆದಿರಿ ಎಂದು ಗೋಡೆಯ ಕ್ಯಾಲೆಂಡರ್ ಮೇಲೆ ಆಯಾ ದಿನವೇ ಗುರುತಿಸಿ. ಹೆಚ್ಚು ಪೋಲಾಗುವುದು ಅನ್ನವೋ ಸೊಪ್ಪೋ ಹಣ್ಣೋ ಎಂಬುದು ವಾರದಲ್ಲೇ ಗೊತ್ತಾಗುತ್ತದೆ.

2. ಅಕ್ಕಿ ಅಳೆದು ಹಾಕಿ
ಕಣ್ಣಂದಾಜು ಬೇಡ. ಒಂದೇ ಪಾವು ಅಥವಾ ಲೋಟವನ್ನು ಅಕ್ಕಿ ಡಬ್ಬಿಯಲ್ಲೇ ಇಡಿ. ಮೂರು ದಿನ ಸತತ ಅನ್ನ ಉಳಿದರೆ ನಾಲ್ಕನೇ ದಿನ ಒಂದು ಹಿಡಿ ಕಡಿಮೆ ಮಾಡಿ.

3. ಚೀಟಿ ಹಿಡಿದು ಸಂತೆಗೆ ಹೋಗಿ
ಅಗ್ಗವೆಂದು ಐದು ಕೆ.ಜಿ. ಟೊಮೆಟೊ ತಂದು ಎರಡು ಕೆ.ಜಿ. ಕೊಳೆಸಿದರೆ ಲಾಭವಿಲ್ಲ. ಕೊತ್ತಂಬರಿ ಸೊಪ್ಪಿನ ಬೇರು ಕತ್ತರಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಹೆಚ್ಚು ದಿನ ಬಾಳುತ್ತದೆ. ‘ಸೈನ್ಸ್’ ಪತ್ರಿಕೆಯಲ್ಲಿ 2018ರಲ್ಲಿ ಬಂದ ದೊಡ್ಡ ಅಧ್ಯಯನದಂತೆ ಆಹಾರದ ಒಟ್ಟು ಅನಿಲದಲ್ಲಿ ಸಾಗಣೆಯ ಪಾಲು ಶೇ 6ರ ಆಸುಪಾಸು ಮಾತ್ರ. ಎಲ್ಲಿಂದ ಬಂತು ಎಂಬುದಕ್ಕಿಂತ ಏನನ್ನು, ಎಷ್ಟು ಕೊಂಡೆವು ಎಂಬುದೇ ದೊಡ್ಡದು.

4. ರಾಗಿ, ಜೋಳ, ಕಾಳಿಗೆ ಜಾಗ ಕೊಡಿ
ವಾರಕ್ಕೆ ಮೂರು ಹೊತ್ತಾದರೂ ಅನ್ನದ ಬದಲು ಮುದ್ದೆ ಅಥವಾ ರೊಟ್ಟಿ ಇರಲಿ. ರಾಗಿ, ಜೋಳದ ಹೊಲದಲ್ಲಿ ನೀರು ನಿಲ್ಲಿಸಬೇಕಿಲ್ಲ. ಹುರುಳಿ, ಅವರೆ, ತೊಗರಿ ಬೇರಿನ ಗಂಟುಗಳಲ್ಲೇ ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಯೂರಿಯಾ ಕಡಿಮೆ ಸಾಕು.

5. ಗ್ಯಾಸ್ ಉಳಿಸಿ
14.2 ಕೆ.ಜಿ.ಯ ಒಂದು ಸಿಲಿಂಡರ್ ಉರಿದು ಮುಗಿಯುವಷ್ಟರಲ್ಲಿ ಸುಮಾರು 42 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಕುಕ್ಕರ್‌ನಲ್ಲಿ ಬೇಯಿಸಿ. ಮೊದಲ ಸೀಟಿಯ ನಂತರ ಉರಿ ತಗ್ಗಿಸಿ.

6. ಉಳಿದದ್ದಕ್ಕೆ ದಾರಿ ಮಾಡಿ
ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗಿಡಿ. ಮರುದಿನ ಚಿತ್ರಾನ್ನ ಸಿದ್ಧ. ಹೀರೇಕಾಯಿ ಸಿಪ್ಪೆಗೆ ಹುಣಸೆ, ಒಣಮೆಣಸು, ಕಾಯಿತುರಿ ಸೇರಿಸಿ ಹುರಿದು ರುಬ್ಬಿದರೆ ಒಳ್ಳೆಯ ಚಟ್ನಿ.

7. ಕೊನೆಗೆ ಗೊಬ್ಬರ
ತೂತಿರುವ ಮಡಕೆಗೆ ಒಂದು ಪದರ ಹಸಿ ಕಸ, ಅದರ ಮೇಲೆ ಒಂದು ಪದರ ಒಣ ಎಲೆ ಹಾಕಿ. ವಾರಕ್ಕೆರಡು ಬಾರಿ ತಿರುವಿ. ವಾಸನೆ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಒಣ ಎಲೆ ಸೇರಿಸಿ. ಗಾಳಿಯಾಡುವ ಮಡಕೆಯಲ್ಲಿ ಮೀಥೇನ್ ಹುಟ್ಟುವುದು ಬಹಳ ಕಡಿಮೆ.

ಏಳನ್ನೂ ಒಂದೇ ದಿನ ಹಿಡಿಯಬೇಕಿಲ್ಲ. ಗೊಬ್ಬರ ಕೊನೆಯ ದಾರಿ. ಪೋಲಾಗದಂತೆ ನೋಡಿಕೊಳ್ಳುವುದೇ ಮೊದಲನೆಯದು. ಇವತ್ತು ರಾತ್ರಿ ಅಕ್ಕಿ ತೊಳೆಯುವ ಮುನ್ನ, ಊಟಕ್ಕೆ ಯಾರ‍್ಯಾರು ಇದ್ದಾರೆ ಎಂದು ಮನೆಯವರನ್ನು ಒಮ್ಮೆ ಕೇಳಿ. ಆಮೇಲೆ ಅಳೆದು ಹಾಕಿ.