ಸ್ಟೋಮಾ ಇದ್ದವರು ಷಟಲ್ ಆಡಬಹುದೇ?

ಪ್ರಶ್ನೆ: ನನಗೆ 38 ವರ್ಷ. ಅಲ್ಸರೇಟಿವ್ ಕೊಲೈಟಿಸ್‌ ಎಂದು ದೊಡ್ಡ ಕರುಳು ತೆಗೆದು ಇಲಿಯೋಸ್ಟಮಿ ಮಾಡಿದ್ದಾರೆ; ಅಂದರೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಸ್ಟೋಮಾ ಆಗಿ ಹೊರತಂದು ಚೀಲ ಅಂಟಿಸಿದ್ದಾರೆ. ಮೂರು ತಿಂಗಳಾಗುತ್ತಾ ಬಂತು, ಗಾಯ ಒಣಗಿದೆ. ಮೊದಲು ದಿನಾ ಬೆಳಿಗ್ಗೆ ಷಟಲ್ ಆಡುತ್ತಿದ್ದೆ, ಬೇಸಿಗೆಯಲ್ಲಿ ಈಜುತ್ತಿದ್ದೆ. ಮನೆಯವರು ‘ಇನ್ನು ಅವೆಲ್ಲ ಬೇಡ, ಚೀಲ ಕಳಚಿಕೊಂಡರೆ ಏನು ಗತಿ’ ಎನ್ನುತ್ತಾರೆ. ನಾನು ಮತ್ತೆ ಆಡಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಆಡಬಹುದು, ಈಜಲೂಬಹುದು. ಸ್ಯಾನ್ ಡಿಯಾಗೊ ಚಾರ್ಜರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದ ರಾಲ್ಫ್ ಬೆನಿರ್ಷ್ಕಿ ಅವರಿಗೂ ನಿಮ್ಮದೇ ಕಾಯಿಲೆಯಿತ್ತು. 1979ರಲ್ಲಿ ಶಸ್ತ್ರಚಿಕಿತ್ಸೆಯಾದಾಗ ಬದುಕುವುದೇ ಕಷ್ಟವೆಂಬಂತಿದ್ದರು. 1980ರಲ್ಲಿ ಚೀಲ ಧರಿಸಿಕೊಂಡೇ ಮೈದಾನಕ್ಕಿಳಿದು, 1986ರವರೆಗೂ ಅದೇ ತಂಡಕ್ಕೆ ಆಡಿದರು.

ಮನೆಯವರ ಚಿಂತೆಯೆಲ್ಲ ಚೀಲದ ಮೇಲಿದೆ. ನೀವು ಅದಕ್ಕಿಂತ ಹೆಚ್ಚು ಕಾಪಾಡಿಕೊಳ್ಳಬೇಕಾದದ್ದು ಹೊಟ್ಟೆಯ ಸ್ನಾಯುಗಳನ್ನು. ಕರುಳನ್ನು ಹೊರತರಲು ಸರ್ಜನ್ ಆ ಸ್ನಾಯುಗಳಲ್ಲಿ ದಾರಿ ಮಾಡಿರುತ್ತಾರೆ. ಮೇಲಿನ ಚರ್ಮ ಒಣಗಿದರೂ ಆ ಜಾಗ ಸ್ಟೋಮಾ ಇರುವವರೆಗೆ ದುರ್ಬಲವೇ. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ಪಕ್ಕದ ಕರುಳು ಅಲ್ಲಿಂದ ಉಬ್ಬಿಕೊಂಡು ಬರಬಹುದು. ಇದೇ ಸ್ಟೋಮಾ ಪಕ್ಕದ ಹರ್ನಿಯಾ. ಮೊದಲ ಎರಡು ವರ್ಷಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಹಾಗಾಗಿ ಷಟಲ್‌ಗಿಂತ ಗ್ಯಾಸ್ ಸಿಲಿಂಡರ್ ಎತ್ತುವುದು, ಸ್ಕೂಟರನ್ನು ಸೆಂಟರ್ ಸ್ಟ್ಯಾಂಡ್‌ಗೆ ಹಾಕುವುದು ನಿಮಗೆ ಹೆಚ್ಚು ಅಪಾಯಕಾರಿ. ಅವನ್ನು ಸದ್ಯಕ್ಕೆ ಬೇರೆಯವರಿಗೆ ಬಿಡಿ. ಕೆಮ್ಮುವಾಗ, ಸೀನುವಾಗ ಸ್ಟೋಮಾದ ಮೇಲೆ ಅಂಗೈ ಒತ್ತಿ ಹಿಡಿಯಿರಿ.

ಮೊದಲ ಹೆಜ್ಜೆ ನಡಿಗೆ. ಅರ್ಧ ಗಂಟೆ ಚುರುಕಾಗಿ ನಡೆದರೂ ಸುಸ್ತಾಗುವುದಿಲ್ಲ ಎನ್ನುವಂತಾಗಲಿ. ಜೊತೆಗೆ ಅಂಗಾತ ಮಲಗಿ, ಮಂಡಿ ಮಡಚಿ, ಉಸಿರು ಬಿಡುತ್ತಾ ಹೊಕ್ಕುಳನ್ನು ಮೆಲ್ಲಗೆ ಒಳಗೆಳೆದುಕೊಳ್ಳಿ. ಜೋಡಿಸಿದ ಮಂಡಿಗಳನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ವಾಲಿಸಿ. ಇವು ಒಳಸ್ನಾಯುಗಳನ್ನು ಎಚ್ಚರಿಸುವ ವ್ಯಾಯಾಮಗಳು. ಯೋಗ ಮಾಡುವವರಾದರೆ ಧನುರಾಸನ, ನೌಲಿ, ಕಪಾಲಭಾತಿಗಳನ್ನು ಈಗ ಮುಟ್ಟಬೇಡಿ. ಬಸ್ಕಿ ಹೊಡೆದರೂ ಸಿಟ್-ಅಪ್ ಬೇಡ. ಸರ್ಜನ್ ಹೊಟ್ಟೆ ಪರೀಕ್ಷಿಸಿ ಸರಿ ಎಂದ ಮೇಲೆ ರ್‍ಯಾಕೆಟ್ ಹಿಡಿಯಿರಿ. ಆರಂಭದಲ್ಲಿ ಡಬಲ್ಸ್ ಆಡಿ. ಜಿಗಿದು ಸ್ಮ್ಯಾಶ್ ಹೊಡೆಯುವುದು ಕೊನೆಗೆ ಬರಲಿ.

ನಿಮಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನೀರನ್ನೂ ಉಪ್ಪನ್ನೂ ಹೀರಿ ದೇಹಕ್ಕೆ ಮರಳಿಸುತ್ತಿದ್ದ ದೊಡ್ಡ ಕರುಳು ಈಗ ಇಲ್ಲ. ದೊಡ್ಡ ಕರುಳನ್ನೇ ಹೊರತಂದ ಕೊಲೊಸ್ಟಮಿಯವರಿಗೆ ಅದರ ಭಾಗವಾದರೂ ಉಳಿದಿರುತ್ತದೆ. ನಿಮ್ಮಲ್ಲಿ ಚೀಲದ ಮೂಲಕ ಉಪ್ಪು ಸತತವಾಗಿ ಹೊರಹೋಗುತ್ತದೆ. ಅದರ ಮೇಲೆ ದಾವಣಗೆರೆಯ ಬಿಸಿಲಿನ ಬೆವರು. ಬಾಯಾರಿತೆಂದು ಬರೀ ನೀರನ್ನೇ ಗಟಗಟ ಕುಡಿದರೆ ಚೀಲಕ್ಕೆ ಹರಿಯುವುದು ಹೆಚ್ಚುತ್ತದೆ, ನಿರ್ಜಲತೆ ನೀಗುವುದಿಲ್ಲ. ಒಂದು ಲೀಟರ್ ನೀರಿನ ಓಆರ್‌ಎಸ್ ಪೊಟ್ಟಣವನ್ನು ಸರಿಯಾಗಿ ಒಂದೇ ಲೀಟರ್‌ನಲ್ಲಿ ಕರಗಿಸಿ, ಆಟಕ್ಕೆ ಮೊದಲು, ನಡುವೆ, ಆಮೇಲೆ ಗುಟುಕು ಗುಟುಕಾಗಿ ಕುಡಿಯಿರಿ. ಉಪ್ಪು ಹಾಕಿದ ಗಂಜಿ, ಮಜ್ಜಿಗೆಯೂ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಓಆರ್‌ಎಸ್‌ಗೆ ಅದು ಬದಲಿಯಲ್ಲ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಉಪ್ಪಿನ ಪ್ರಮಾಣವನ್ನು ವೈದ್ಯರನ್ನು ಕೇಳಿ ನಿರ್ಧರಿಸಿ. ಮೀನಖಂಡದ ಸೆಳೆತ, ತಲೆಸುತ್ತು, ಕಡಿಮೆಯಾದ ಗಾಢ ಹಳದಿ ಮೂತ್ರ ಕಂಡರೆ ಅಂದಿನ ಆಟ ಅಲ್ಲಿಗೇ ಮುಗಿಯಲಿ.

ಇನ್ನು ಚೀಲ. ಆಟಕ್ಕೆ ಹೊರಡುವ ಮುಂಚೆ ಖಾಲಿ ಮಾಡಿ. ಮೂರನೇ ಒಂದು ಭಾಗ ತುಂಬಿದರೆ ಮತ್ತೆ ಖಾಲಿ ಮಾಡಿ. ಬೆವರಿಗೆ ಅಂಟು ಬೇಗ ಸಡಿಲವಾಗುವುದರಿಂದ ಆಡುವ ದಿನಗಳಲ್ಲಿ ಬೇಗ ಬದಲಿಸಬೇಕಾದೀತು. ಚರ್ಮಕ್ಕೆ ಎಣ್ಣೆ, ಪೌಡರ್ ಹಚ್ಚಿ ಅದರ ಮೇಲೆ ಅಂಟಿಸಿದರೆ ನಿಲ್ಲುವುದಿಲ್ಲ. ಕಿಟ್‌ನಲ್ಲಿ ಇನ್ನೊಂದು ಚೀಲವಿರಲಿ. ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ, ಶಾಖಕ್ಕೆ ಅಂಟು ಕೆಡುತ್ತದೆ. ಈಜುವಾಗ ಚೀಲದೊಳಕ್ಕೆ ನೀರು ನುಗ್ಗುವುದಿಲ್ಲ. ಹೊಸದಾಗಿ ಅಂಟಿಸಿದ್ದು ಗಟ್ಟಿಯಾಗಿ ಕೂರಲು ಒಂದು ಗಂಟೆಯಾದರೂ ಬಿಟ್ಟು, ಚೀಲದ ಗಾಳಿ ಹೊರಬಿಡುವ ಫಿಲ್ಟರ್ ಮೇಲೆ ಅದರ ಸ್ಟಿಕ್ಕರ್ ಹಾಕಿ ಈಜಿಗಿಳಿಯಿರಿ. ಇವನ್ನೆಲ್ಲ ಕೈಹಿಡಿದು ಕಲಿಸುವವರು ಸ್ಟೋಮಾ ನರ್ಸ್. ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ.

ಸ್ಟೋಮಾಕ್ಕೆ ನೋವು ತಿಳಿಯುವುದಿಲ್ಲ. ಹಾಗಾಗಿ ಆಟದ ನಂತರ ಕಣ್ಣಿನಿಂದ ನೋಡಬೇಕು. ಕೆಂಪಗಿದ್ದರೆ ಸರಿ. ಕಪ್ಪಾಗಿದ್ದರೆ, ರಕ್ತ ನಿಲ್ಲದಿದ್ದರೆ, ಗಂಟೆಗಟ್ಟಲೆ ಚೀಲಕ್ಕೆ ಏನೂ ಬಾರದೆ ಹೊಟ್ಟೆನೋವು, ವಾಂತಿ ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಪಕ್ಕದಲ್ಲಿ ಹೊಸ ಉಬ್ಬು ಕಂಡರೆ ಆಟ ನಿಲ್ಲಿಸಿ ಸರ್ಜನ್‌ಗೆ ತೋರಿಸಿ.

ಮುಂದಿನ ಭೇಟಿಗೆ ಮನೆಯವರನ್ನೂ ಕರೆದೊಯ್ಯಿರಿ. ಆಟಕ್ಕೆ ಅಪ್ಪಣೆಯನ್ನು ಸರ್ಜನ್ ಬಾಯಿಂದಲೇ ಕೇಳಿದರೆ ಅವರ ಭಯ ಅರ್ಧ ಕರಗುತ್ತದೆ. ನಿಮಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬಾಕಿಯಿದೆಯೇ ಎಂಬುದನ್ನೂ ಆಗಲೇ ಕೇಳಿ. ಇದ್ದರೆ, ಈಗ ಗಳಿಸಿಕೊಂಡ ಕಸುವು ಅಂದಿನ ಚೇತರಿಕೆಗೂ ಆಸರೆಯಾಗುತ್ತದೆ.