ರಂಗೋಲಿ ಹುಳು ಹೋದಲ್ಲೆಲ್ಲ ಕಜ್ಜಿ

ಮಳೆಗಾಲ ಹಿಡಿಯಿತೆಂದರೆ ಇಂಡಿ ಸೀಮೆಯ ನಿಂಬೆ ಬೆಳೆಗಾರರಿಗೆ ಕಜ್ಜಿ ರೋಗದ ಅಂಜಿಕೆ ಶುರು. ಕಾಯಿಯ ಮೇಲೆ ಒರಟು ಕಂದು ಚುಕ್ಕೆ ಎದ್ದರೂ ಒಳಗಿನ ರಸಕ್ಕೇನೂ ಕುಂದಿಲ್ಲ, ಆದರೆ ಹರಾಜಿನಲ್ಲಿ ಅದನ್ನು ಕೇಳುವವರಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಕಾಯಿಯ ಮೇಲೆಯೇ. ನಿಂಬೆ ತೋಟಗಳಲ್ಲಿ ವರ್ಷಗಟ್ಟಲೆ ಓಡಾಡಿದ ಮೇಲೆ ನನಗೆ ಗಟ್ಟಿಯಾದದ್ದು ಒಂದೇ: ಕಜ್ಜಿಯನ್ನು ಚಿಗುರಿನಲ್ಲೇ ತಡೆಯಬೇಕು, ಕಾಯಿಗೆ ಬಂದ ಮೇಲೆ ಔಷಧಿ ಹೊಡೆಯುವುದು ದುಡ್ಡು ದಂಡ.

ಎಳೆಯ ಎಲೆಯೊಂದನ್ನು ಮಗುಚಿ ಬೆಳಕಿಗೆ ಹಿಡಿದು ನೋಡಿ. ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ, ಅದರ ನಡುವೆ ಕಪ್ಪು ದಾರದಂಥ ಹಿಕ್ಕೆ, ಗೆರೆಯ ತುದಿಯಲ್ಲಿ ಪುಟ್ಟ ಮರಿ. ಇದೇ ರಂಗೋಲಿ ಹುಳು. ಎಲೆಯ ತೆಳು ಸಿಪ್ಪೆಯ ಕೆಳಗೇ ಮೇಯುತ್ತಾ ಹೋಗಿ, ಕೊನೆಗೆ ಎಲೆಯ ಅಂಚನ್ನು ಮಡಚಿಕೊಂಡು ಕೋಶವಾಗುತ್ತದೆ. ಬಲಿತ ಮರಕ್ಕೆ ಹುಳುವಿನಿಂದಲೇ ಆಗುವ ನಷ್ಟ ಅಷ್ಟಕ್ಕಷ್ಟೆ. ಕಜ್ಜಿಯ ಬ್ಯಾಕ್ಟೀರಿಯಾವನ್ನು ಹೊತ್ತು ತರುವುದೂ ಅದಲ್ಲ, ಆ ಕೆಲಸ ಗಾಳಿ ಮಳೆಯದು. ಆದರೆ ಹುಳು ಕೊರೆದ ಗಾಯಕ್ಕೆ ಮಳೆಹನಿ ಸಿಡಿದರೆ ಗೆರೆಯುದ್ದಕ್ಕೂ ಕಜ್ಜಿ ಏಳುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಈ ಜೋಡಿಯ ಪ್ರತಾಪ ದೊಡ್ಡದಾಗಿಯೇ ಕಂಡಿತು. ಅಲ್ಲಿಗೆ ರಂಗೋಲಿ ಹುಳು ಬಂದದ್ದು 1993ರಲ್ಲಿ. 1995ರಲ್ಲಿ ಮಯಾಮಿಯ ಹತ್ತಿರ ಕಜ್ಜಿ ಕಾಣಿಸಿಕೊಂಡಿತು. ಗಾಳಿ ಮಳೆಯಲ್ಲಿ ರೋಗ ಎಷ್ಟು ದೂರ ಹಾರುತ್ತದೆಂದು ವಿಜ್ಞಾನಿಗಳು ಅಳೆದರು. ಆ ಲೆಕ್ಕದ ಮೇಲೆ, ರೋಗದ ಮರದ ಸುತ್ತ 1,900 ಅಡಿಯೊಳಗಿನ ಕಿತ್ತಳೆ, ನಿಂಬೆ ಜಾತಿಯ ಮರಗಳನ್ನೆಲ್ಲ ಕಡಿಯುವ ನಿಯಮ ಬಂತು. ಮನೆ ಹಿತ್ತಲಿನ ಹಸಿರಾದ ಮರಗಳಿಗೂ ಕೊಡಲಿ ಬಿತ್ತು, ಜನ ಕೋರ್ಟು ಹತ್ತಿದರು. 2004 ಮತ್ತು 2005ರ ಚಂಡಮಾರುತಗಳು ರೋಗವನ್ನು ಇನ್ನಷ್ಟು ಹರಡಿದವು. 2006ರ ಜನವರಿಯಲ್ಲಿ ಸರ್ಕಾರ ನಿರ್ಮೂಲನೆಯ ಯೋಜನೆಯನ್ನೇ ಕೈಬಿಟ್ಟಿತು.

ನಮ್ಮಲ್ಲಂತೂ ನಿರ್ಮೂಲನೆಯ ಮಾತೇ ಇಲ್ಲ. 1827-31ರ ನಡುವೆ ಭಾರತದಲ್ಲಿ ಸಂಗ್ರಹಿಸಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಒಣಗಿಸಿಟ್ಟ ಮಾದಳದ ಎಲೆಗಳಲ್ಲೇ ಕಜ್ಜಿಯ ಗುರುತು ಸಿಕ್ಕಿದೆ. ಅದು ಇಲ್ಲಿಯ ಹಳೇ ವಾಸಿ.

ಹಾಗಾದರೆ ಮಾಡುವುದೇನು? ಮುಂಗಾರಿಗೆ ಮುನ್ನ ರೋಗದ ಟೊಂಗೆಗಳನ್ನು ಕತ್ತರಿಸಿ ಸುಡಬೇಕು. ಚಿಗುರು ಬಿಚ್ಚುವಾಗ ರಂಗೋಲಿ ಹುಳುವಿಗೆ ಬೇವಿನೆಣ್ಣೆ, ಕಜ್ಜಿಗೆ ಶೇಕಡಾ 1ರ ಬೋರ್ಡೋ ದ್ರಾವಣ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು ಒಟ್ಟು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಬೆರೆಸಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಕೆಂಪು ಮೆತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಈ ಪರೀಕ್ಷೆ ಬಿಟ್ಟರೆ ಎಲೆ ಸುಡುತ್ತದೆ. ತಾಮ್ರ ಎಲೆಯ ಮೈಮೇಲಷ್ಟೇ ಕಾವಲು, ಒಳಹೊಕ್ಕ ರೋಗವನ್ನು ಅದು ಮುಟ್ಟದು. ಸಿಂಪಡಿಸಿದ ಮೇಲೆ ಒಡೆದ ಎಲೆಗೆ ಆ ಕಾವಲೂ ಇಲ್ಲ, ಮತ್ತೆ ಹೊಡೆಯಲೇಬೇಕು. ಯೂರಿಯಾ ಸುರಿದರೆ ಚಿಗುರು ಬಿಡುವಿಲ್ಲದೆ ಬರುತ್ತದೆ, ಹುಳುವಿಗೆ ವರ್ಷವಿಡೀ ಹಬ್ಬ. ಗಾಳಿ ಬೀಸುವ ದಿಕ್ಕಿಗೆ ಸರ್ವೆ ಮರದ ಸಾಲಿದ್ದರೆ ಕಜ್ಜಿಯ ಹರಡುವಿಕೆಗೂ ಕಡಿವಾಣ ಬೀಳುತ್ತದೆ, ಆದರೆ ಜಾಗ ಹೋಗುತ್ತದೆಂದು ನೆಡುವವರು ಕಡಿಮೆ.

ಹೊಸ ತೋಟ ಮಾಡುವವರಿಗೆ ಒಂದು ಮಾತು. ನರ್ಸರಿಯಲ್ಲಿ ಸಸಿ ಆರಿಸುವಾಗ ಎಲೆ ಮಗುಚಿ ನೋಡಿ. ಕಜ್ಜಿ ಕಂಡರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.