ದಾನವಾದ ಕಾಡು: ಮೂಲ ಯಾವುದು, ಫಲ ಯಾವುದು?

ಒಬ್ಬನು ತನ್ನ ಸ್ವಂತ ಭೂಮಿಯನ್ನು ಜನರಿಗಾಗಿ ಬಿಟ್ಟುಕೊಟ್ಟ ಬಳಿಕ ಆ ಭೂಮಿ ಯಾರದ್ದು? ಎಲ್ಲರದ್ದು ಎಂಬ ಉತ್ತರ ನಮ್ಮ ನಾಲಗೆಯ ತುದಿಯಲ್ಲೇ ಇದೆ. ಆದರೆ ವ್ಯವಹಾರದಲ್ಲಿ ನಾವು ಎಲ್ಲರದ್ದು ಎಂಬುದಕ್ಕೆ ಯಾರದ್ದೂ ಅಲ್ಲ ಎಂಬ ಅರ್ಥವನ್ನೇ ಕೊಡುತ್ತೇವೆ. ನೆರೆಯವನ ತೋಟದ ಬೇಲಿ ದಾಟಲು ಅಂಜುವವನು ಸಾರ್ವಜನಿಕ ಉದ್ಯಾನದ ಗಿಡವನ್ನು ನಿರ್ಭೀತಿಯಿಂದ ಮುರಿಯುತ್ತಾನೆ. ನಮ್ಮ ಊರುಗಳ ಖಬರಸ್ಥಾನದ ಮರಗಳಿಗೆ ಒದಗುವ ಗತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಸ್ಲಾಮಿನ ವಕ್ಫ್ ನಿಯಮವು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ನೀಡುತ್ತದೆ. ಹಝ್ರತ್ ಉಮರ್(ರ)ರಿಗೆ ಖೈಬರ್‌ನಲ್ಲಿ ಒಂದು ಭೂಮಿ ದೊರೆಯಿತು. ಅದಕ್ಕಿಂತ ಬೆಲೆಬಾಳುವ ಸೊತ್ತು ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅದನ್ನೇನು ಮಾಡಲಿ ಎಂದು ಅವರು ಪ್ರವಾದಿವರ್ಯರ(ಸ) ಬಳಿ ಕೇಳಿದರು. ಇಷ್ಟವಿದ್ದರೆ ಮೂಲವನ್ನು ತಡೆದಿರಿಸಿ ಅದರ ಫಲವನ್ನು ದಾನ ಮಾಡಬಹುದೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಉಮರ್(ರ) ಹಾಗೆಯೇ ಮಾಡಿದರು. ಆ ಭೂಮಿಯನ್ನು ಮಾರಬಾರದು, ಯಾರಿಗೂ ಉಡುಗೊರೆಯಾಗಿ ಕೊಡಬಾರದು, ಅದು ವಾರೀಸುದಾರರಿಗೆ ಹೋಗಬಾರದು. ಅದರ ಫಲ ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ಮಿತವಾಗಿ ತಿನ್ನಬಹುದು, ಕೂಡಿಡಬಾರದು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಹದೀಸ್ ವಕ್ಫ್ ಕಾನೂನಿನ ತಳಹದಿಯಾಗಿದೆ.

ಇಲ್ಲಿ ಎರಡು ಪದಗಳನ್ನು ಗಮನಿಸಿ: ಮೂಲ ಮತ್ತು ಫಲ. ಖರ್ಜೂರದ ತೋಟದಲ್ಲಿ ಇವೆರಡನ್ನು ಬೇರ್ಪಡಿಸುವುದು ಸುಲಭ. ಹಣ್ಣು ಫಲ, ಮರ ಮತ್ತು ಮಣ್ಣು ಮೂಲ. ಆದರೆ ದಾನವಾಗಿ ಬಂದದ್ದು ಒಂದು ಕಾಡಾಗಿದ್ದರೆ? ಅದೂ ಯಾರೂ ಕಡಿಯಬಾರದು, ಇದ್ದಂತೆಯೇ ಇರಬೇಕು ಎಂದು ಕೊಟ್ಟ ಕಾಡಾಗಿದ್ದರೆ? ಅಂತಹ ಕಾಡಿಗೆ ಹೋಗುವ ಅತಿಥಿಯು ಫಲವಾಗಿ ಏನನ್ನು ಪಡೆಯಬಹುದು?

ಇದನ್ನು ಒಂದು ನೈಜ ಉದಾಹರಣೆಯಿಂದ ನೋಡೋಣ. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಮ್ಯೂರ್ ವುಡ್ಸ್ ಎಂಬ ಕಾಡಿದೆ. ಆ ಭಾಗದಲ್ಲಿ ಉದ್ಯೋಗದಲ್ಲಿರುವ ನಮ್ಮ ನಾಡಿನ ಕುಟುಂಬಗಳಿಗೆ ಇದು ಪರಿಚಿತ ಸ್ಥಳ. ಅಲ್ಲಿ ರೆಡ್‌ವುಡ್ ಮರಗಳು 250 ಅಡಿಗೂ ಮಿಕ್ಕಿದ ಎತ್ತರಕ್ಕೆ ಬೆಳೆದಿವೆ. ಬಹಳಷ್ಟು ಮರಗಳಿಗೆ ಐನೂರು, ಎಂಟುನೂರು ವರ್ಷ ವಯಸ್ಸು. ಅತಿ ಹಳೆಯದಕ್ಕೆ ಸಾವಿರದ ಇನ್ನೂರು ವರ್ಷಗಳಾದರೂ ಆಗಿವೆ. ಅಂದರೆ ಅಬ್ಬಾಸೀ ಖಲೀಫರ ಕಾಲದಲ್ಲಿ ಮೊಳೆತ ಬೀಜವೊಂದು ಇಂದಿಗೂ ನೆರಳು ಕೊಡುತ್ತಿದೆ. ಆ ಬೀಜವಾದರೋ ಟೊಮೆಟೊ ಬೀಜಕ್ಕಿಂತ ದೊಡ್ಡದೇನಲ್ಲ!

19ನೇ ಶತಮಾನದ ಕೊನೆಗೆ ಆ ಕರಾವಳಿಯ ಇಂತಹ ಕಾಡುಗಳಲ್ಲಿ ಹೆಚ್ಚಿನವು ಮರದ ವ್ಯಾಪಾರಿಗಳ ಪಾಲಾಗಿದ್ದವು. ಕಡಿದಾದ ಕಣಿವೆಯಲ್ಲಿದ್ದ ಕಾರಣ ಇದೊಂದು ಉಳಿದಿತ್ತು. 1905ರಲ್ಲಿ ವಿಲಿಯಂ ಕೆಂಟ್ ಎಂಬ ಸಿರಿವಂತ ಮತ್ತು ಅವರ ಪತ್ನಿ ಎಲಿಜಬೆತ್ 45,000 ಡಾಲರ್ ಕೊಟ್ಟು ಅಲ್ಲಿನ 611 ಎಕರೆಯನ್ನು ಕೊಂಡರು. 1907ರಲ್ಲಿ ಒಂದು ನೀರು ಸರಬರಾಜು ಕಂಪೆನಿಯು ಆ ಕಣಿವೆಗೆ ಅಣೆಕಟ್ಟು ಕಟ್ಟಲು, ನ್ಯಾಯಾಲಯದ ಮೂಲಕ ಭೂಮಿಯನ್ನು ಬಲವಂತವಾಗಿ ಪಡೆಯಲು ಹೊರಟಿತು. ಕಣಿವೆ ಮುಳುಗಿದರೆ ಮರಗಳಿಗೆ ಉಳಿವಿಲ್ಲ. ಆಗ ಕೆಂಟ್ ದಂಪತಿಗಳು ಕಾಡಿನ ತಿರುಳಾಗಿದ್ದ 295 ಎಕರೆಯನ್ನು ಕೇಂದ್ರ ಸರಕಾರಕ್ಕೆ ದಾನವಾಗಿ ಬರೆದುಕೊಟ್ಟರು. 1908ರ ಜನವರಿ 9ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಸರಕಾರದ ಒಡೆತನಕ್ಕೆ ಬಂದ ಮೇಲೆ ಕಂಪೆನಿಯ ದಾವೆಗೆ ನೆಲೆಯೇ ಇಲ್ಲದಾಯಿತು. ತನ್ನ ಕೈಯಲ್ಲಿಟ್ಟುಕೊಂಡರೆ ಉಳಿಯದ ಸೊತ್ತು, ಕೊಟ್ಟುಬಿಟ್ಟಾಗ ಉಳಿಯಿತು.

ಕಾಡಿಗೆ ಕೆಂಟ್‌ರ ಹೆಸರಿಡಲು ಅಧ್ಯಕ್ಷರು ಬಯಸಿದ್ದರು. ಕೆಂಟ್ ಒಪ್ಪಲಿಲ್ಲ. ಕೊಡುಗೆಯ ಮೇಲೆ ತನ್ನ ಹೆಸರು ಅಚ್ಚೊತ್ತುವುದೆಂದರೆ ಅಮರತ್ವವನ್ನು ಹಣ ಕೊಟ್ಟು ಕೊಳ್ಳಲು ಹೊರಟಂತೆ ಎಂಬರ್ಥದಲ್ಲಿ ಅವರು ಉತ್ತರ ಬರೆದರು. ಪ್ರಕೃತಿ ಬರಹಗಾರ ಜಾನ್ ಮ್ಯೂರ್ ಹೆಸರಿರಲಿ ಎಂದರು. ದಾನವನ್ನು ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಮುಟ್ಟಿಸಿದರೆ ಇನ್ನೂ ಉತ್ತಮ ಎಂಬ ಪವಿತ್ರ ಕುರ್‌ಆನಿನ ಬೋಧನೆಯನ್ನು (2:271) ಬಲ್ಲ ನಮಗೆ ಈ ಮಾತಿನ ಬೆಲೆ ತಿಳಿಯುತ್ತದೆ. ಮಸೀದಿಯ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ತಿರುಗುತ್ತಿರುವುದನ್ನು ಕಂಡವರಿಗಂತೂ ಹೇಳುವುದೇ ಬೇಡ.

ಹಾಗೆಂದು ಕೆಂಟ್‌ರನ್ನು ಮಹಾತ್ಮರನ್ನಾಗಿ ಮಾಡಬೇಕಿಲ್ಲ. ಆ ಕಾಡಿಗೆ ಪ್ರವಾಸಿಗರನ್ನು ಕರೆತರುವ ರೈಲು ಮಾರ್ಗದಲ್ಲಿ ಅವರ ಹಣವೂ ಇತ್ತು. ರಾಜಕೀಯದಲ್ಲಿ ಅವರು ಏಷ್ಯಾದಿಂದ ವಲಸೆ ಬರುವವರನ್ನು ಕಟುವಾಗಿ ವಿರೋಧಿಸಿದವರು. ಯಾವ ಜಾನ್ ಮ್ಯೂರ್‌ರ ಹೆಸರನ್ನು ಕಾಡಿಗಿಟ್ಟರೋ, ಅದೇ ಮ್ಯೂರ್ ಉಳಿಸಲು ಹೋರಾಡಿದ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟುವುದನ್ನು 1913ರಲ್ಲಿ ಬೆಂಬಲಿಸಿದರು. ಅದಕ್ಕೂ ಬಹಳ ಹಿಂದೆ ಆ ನೆಲ ಕೋಸ್ಟ್ ಮಿವೋಕ್ ಎಂಬ ಮೂಲನಿವಾಸಿಗಳದ್ದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಮನುಷ್ಯನ ನಿಯ್ಯತ್ತಿನ ವಿಚಾರಣೆ ಅಲ್ಲಾಹನಿಗೆ ಸೇರಿದ್ದು. ಕೊಡುಗೆಯ ಶರ್ತಗಳನ್ನು ಪಾಲಿಸುವ ಹೊಣೆ ಮಾತ್ರ ಅದರ ಪ್ರಯೋಜನ ಪಡೆಯುವವನದ್ದು. ದಾನಿಯ ದೋಷಗಳನ್ನು ತೋರಿಸಿ ಆ ಹೊಣೆಯಿಂದ ನುಣುಚಿಕೊಳ್ಳಲಾಗದು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಇಂತಹ ಕಾಡಿನಲ್ಲಿ ಅತಿಥಿಯ ಪಾಲಿನ ಫಲ ಯಾವುದು? ನೋಟ, ಉಸಿರು, ಮೌನ, ಅಲ್ಲಾಹನ ಸೃಷ್ಟಿಯ ಕುರಿತಾದ ಚಿಂತನೆ. ಇಷ್ಟೇ. ಮಿಕ್ಕುದೆಲ್ಲವೂ ಮೂಲ. ನೆಲದ ಜರೀಗಿಡ ಮೂಲ, ಉದುರಿದ ಕಾಯಿ ಮೂಲ, ಸತ್ತು ಬಿದ್ದ ಮರವೂ ಮೂಲ. ಬಿದ್ದ ಮರದಿಂದ ಯಾರಿಗೇನು ಪ್ರಯೋಜನ ಎಂದು ಕೇಳಬಹುದು. ಆ ಕೊಳೆಯುವ ದಿಮ್ಮಿಯಲ್ಲೇ ಅಣಬೆ, ಹುಳು, ಹೊಸ ಸಸಿಗಳು ಬದುಕುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಮಣ್ಣು ಮೂಲ. ರೆಡ್‌ವುಡ್ ಮರದ ಬೇರುಗಳು ಆಳಕ್ಕಿಳಿಯುವುದಿಲ್ಲ. ನೆಲದ ಮೇಲ್ಪದರದಲ್ಲೇ ದೂರದವರೆಗೆ ಹರಡಿ, ಪಕ್ಕದ ಮರದ ಬೇರುಗಳೊಂದಿಗೆ ಹೆಣೆದುಕೊಂಡು ಅಷ್ಟು ದೊಡ್ಡ ಕಾಂಡವನ್ನು ಹಿಡಿದು ನಿಲ್ಲಿಸುತ್ತವೆ. ಒಬ್ಬನು ಹಾದಿ ಬಿಟ್ಟು ಮರದ ಬುಡಕ್ಕೆ ಹೋಗಿ ನಿಂತರೆ ಏನೂ ಆಗದು. ಆದರೆ 2016ರ ಸುಮಾರಿಗೆ ಅಲ್ಲಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಬರುತ್ತಿದ್ದರು. ಅಷ್ಟು ಪಾದಗಳು ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿಯಿಲ್ಲ, ನೀರಿಲ್ಲ. ಕೊಡಲಿ ಮಾಡದ ಕೆಲಸವನ್ನು ಪಾದ ಮಾಡುತ್ತದೆ. ಆದ್ದರಿಂದಲೇ ಅಲ್ಲಿ ಮರದ ಹಲಗೆಗಳ ಕಾಲುಹಾದಿಗಳಿವೆ. ನನ್ನೊಬ್ಬನಿಂದ ಏನಾಗುತ್ತದೆ ಎಂಬ ಮಾತು ಇಲ್ಲಿ ಸಲ್ಲದು. ಏಕೆಂದರೆ ಹತ್ತು ಲಕ್ಷ ಜನರೂ ಅದೇ ಮಾತನ್ನು ಹೇಳಬಲ್ಲರು. ಆರಂಭದ ದಿನಗಳಲ್ಲಿ ಮೋಟಾರು ಗಾಡಿಗಳೂ ಮರಗಳ ನಡುವೆ ಓಡಾಡುತ್ತಿದ್ದವು. 2018ರ ಜನವರಿಯಿಂದ ಗಾಡಿ ನಿಲ್ಲಿಸಲು ಮೊದಲೇ ಸ್ಥಳ ಕಾಯ್ದಿರಿಸಬೇಕಾಗಿದೆ. ದೂರದಿಂದ ಬಂದವರು ಇದರಿಂದ ಗೊಣಗುವುದುಂಟು. ಒಂದು ತೋಟದ ಫಲವನ್ನು ಸರದಿಯಂತೆ ಹಂಚಿಕೊಳ್ಳುವುದರಲ್ಲಿ ಅನ್ಯಾಯವೇನಿದೆ?

ಒಳಿತನ್ನು ಬಯಸಿದರೂ ಅರಿವಿಲ್ಲದಿದ್ದರೆ ಮೂಲಕ್ಕೆ ಕೇಡಾಗುತ್ತದೆ. 1930ರ ದಶಕದಲ್ಲಿ ಆ ಕಾಡಿನ ತೊರೆಯ ದಡ ಕುಸಿಯದಿರಲೆಂದು ಕಲ್ಲು ಕಟ್ಟಿದರು. ಅಚ್ಚುಕಟ್ಟಾದ ಕೆಲಸ. ಆದರೆ ತೊರೆ ನೇರವಾಗಿ ವೇಗದಿಂದ ಹರಿಯತೊಡಗಿ, ಸಮುದ್ರದಿಂದ ಮೊಟ್ಟೆಯಿಡಲು ಬರುವ ಕೋಹೋ ಸಾಲ್ಮನ್ ಮೀನಿನ ಮರಿಗಳು ತಂಗುವ ಶಾಂತ ಮಡುಗಳು ಕಡಿಮೆಯಾದವು. ಇತ್ತೀಚಿನ ವರ್ಷಗಳಲ್ಲಿ ಆ ಕಲ್ಲುಗಳನ್ನು ಅಲ್ಲಲ್ಲಿ ತೆಗೆದು, ಮರದ ದಿಮ್ಮಿಗಳನ್ನು ತೊರೆಯಲ್ಲಿ ಇರಿಸಲಾಗಿದೆ.

ಪ್ರವಾದಿವರ್ಯರ(ಸ) ಜೊತೆ ಪ್ರಯಾಣದಲ್ಲಿದ್ದ ಸಹಾಬಿಗಳು ಒಮ್ಮೆ ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ಬಂದು ರೆಕ್ಕೆ ಬಡಿಯತೊಡಗಿತು. ಮರಿಗಳ ವಿಷಯದಲ್ಲಿ ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಹಿಂದಿರುಗಿಸುವಂತೆ ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ಅದು ಯಾರ ಕಾಡೂ ಆಗಿರಲಿಲ್ಲ, ಅಲ್ಲಿ ಫಲಕವೂ ಇರಲಿಲ್ಲ. ಪ್ರಯಾಣಿಕನು ಎತ್ತಿಕೊಂಡದ್ದನ್ನು ಇದ್ದಲ್ಲೇ ಇಡಬೇಕಾಯಿತು. ಜನರು ನಡೆಯುವ ದಾರಿಯಲ್ಲೂ ಅವರು ತಂಗುವ ನೆರಳಲ್ಲೂ ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಅವರು(ಸ) ಎಚ್ಚರಿಸಿದ್ದೂ ಇಂತಹ ಸ್ಥಳಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ.

ಕೊನೆಗೆ ನಮ್ಮವರು ಕೇಳುವ ಒಂದು ವಿಷಯ. ಕಾಡಿನಲ್ಲಿ ನಮಾಝ್‌ನ ವೇಳೆಯಾದರೆ ತೊರೆಗಿಳಿದು ವುಝೂ ಮಾಡಬಹುದೇ? ಹರಿಯುವ ನೀರು ಶುದ್ಧ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಪ್ರಶ್ನೆ ನೀರಿನ ಶುದ್ಧಿಯದ್ದಲ್ಲ. ತೊರೆಗಿಳಿಯಲು ಹಾದಿ ಬಿಡಬೇಕು, ದಡವನ್ನು ತುಳಿಯಬೇಕು, ಮೀನಿನ ಮೊಟ್ಟೆಗಳಿರುವ ಜಲ್ಲಿಯ ಮೇಲೆ ಕಾಲಿಡಬೇಕು. ಪ್ರವೇಶದ ಬಳಿ ನಲ್ಲಿಯಿದೆ. ವುಝೂವನ್ನು ಅಲ್ಲೇ ಮುಗಿಸಿಕೊಂಡು ಒಳಗೆ ಹೋಗಿ. ಭೂಮಿಯೆಲ್ಲವೂ ನಮಗೆ ನಮಾಝ್‌ನ ಸ್ಥಳವಾಗಿದೆ. ಆದರೂ ಇಕ್ಕಟ್ಟಾದ ಹಲಗೆಯ ಹಾದಿಯಲ್ಲಿ ಸಫ್ ಕಟ್ಟಿ ಇತರರ ದಾರಿ ತಡೆಯಬೇಡಿ. ಹಾದಿ ಅಗಲವಾಗಿರುವ ಕಡೆ, ಬದಿಗೆ ಸರಿದು, ಇಬ್ಬರು ಮೂವರಾಗಿ ನಿಂತರೆ ಸಾಕು.